ಕೊಡೆಯಿಂದ ಕೆರೆ ತುಂಬುವುದೇ?

ಮಕ್ಕಳೇ, ಮೊದಲು ಒಂದು ಪ್ರಶ್ನೆ. ನಿಮ್ಮ ಊರಿನ ಬೀದಿಯಲ್ಲಿ ಪ್ರತಿದಿನ ಎಷ್ಟು ಜನ ಕೊಡೆ ಹಿಡಿದು ಹೋದರು ಎಂದು ಎಣಿಸಿ ಬರೆದಿಡುತ್ತೀರಿ ಎಂದುಕೊಳ್ಳಿ. ಊರ ಕೆರೆಯ ನೀರು ಎಷ್ಟು ಏರಿತು ಎಂಬುದನ್ನೂ ಪಕ್ಕದಲ್ಲೇ ಬರೆಯುತ್ತೀರಿ. ಮಳೆಗಾಲ ಮುಗಿದ ಮೇಲೆ ಪುಸ್ತಕ ತೆರೆದು ನೋಡಿದರೆ, ಕೊಡೆಗಳು ಹೆಚ್ಚಾಗಿದ್ದ ದಿನಗಳಲ್ಲೇ ಕೆರೆಯ ನೀರೂ ಏರಿರುತ್ತದೆ. ಹಾಗಾದರೆ ಕೊಡೆಯಿಂದ ಕೆರೆ ತುಂಬಿತೇ?

ನೀವು ನಗುತ್ತೀರಿ. ಕೆರೆ ತುಂಬಿದ್ದು ಮಳೆಯಿಂದ. ಕೊಡೆ ಬಿಚ್ಚಿದ್ದೂ ಮಳೆಯಿಂದಲೇ. ಕೊಡೆಗೂ ಕೆರೆಗೂ ನಂಟು ಉಂಟು. ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ.

ಇಷ್ಟು ಸುಲಭವಾದ ಮಾತು ಊಟ ಮತ್ತು ಆರೋಗ್ಯದ ವಿಷಯ ಬಂದಾಗ ದೊಡ್ಡವರಿಗೂ ಮರೆತುಹೋಗುತ್ತದೆ. 'ಅಮೈನೊ ಆಮ್ಲ ರಕ್ತದಲ್ಲಿ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಬರುತ್ತದಂತೆ. ಅದು ಬೇಳೆಯಲ್ಲೂ ಮೊಟ್ಟೆಯಲ್ಲೂ ಇದೆಯಂತೆ' ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ತಟ್ಟೆಯಿಂದ ಅವನ್ನು ದೂರ ಇಡೋಣ ಎನ್ನಿಸುತ್ತದೆ. ಹಾಗೆ ಮಾಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ನೋಡೋಣ ಬನ್ನಿ.

ದೇಹದ ಅಕ್ಷರಗಳು

ಕನ್ನಡದ ಅಕ್ಷರಗಳನ್ನು ಜೋಡಿಸಿ ಎಷ್ಟು ಪದಗಳನ್ನು ಬೇಕಾದರೂ ಬರೆಯಬಹುದಲ್ಲವೇ? ಹಾಗೆಯೇ ನಮ್ಮ ದೇಹವು 20 ಬಗೆಯ ಅಮೈನೊ ಆಮ್ಲಗಳನ್ನು ಸರಪಣಿಯಂತೆ ಜೋಡಿಸಿ ಸಾವಿರಾರು ಬಗೆಯ ಪ್ರೋಟೀನುಗಳನ್ನು ಕಟ್ಟುತ್ತದೆ. ಸ್ನಾಯು, ಚರ್ಮ, ಕೂದಲು, ಆಹಾರ ಅರಗಿಸುವ ಕಿಣ್ವಗಳು ಎಲ್ಲದರಲ್ಲೂ ಪ್ರೋಟೀನು ಇದೆ. ಈ 20ರಲ್ಲಿ 9 ಅಮೈನೊ ಆಮ್ಲಗಳನ್ನು ನಮ್ಮ ದೇಹ ತಾನೇ ತಯಾರಿಸಲಾರದು. ಅವು ಊಟದಿಂದಲೇ ಬರಬೇಕು.

ನಾವು ತಿಂದ ಬೇಳೆ, ಕಾಳು, ಹಾಲು, ಮೊಟ್ಟೆ, ಮೀನುಗಳ ಪ್ರೋಟೀನು ಹೊಟ್ಟೆಯಲ್ಲಿ ಮತ್ತು ಸಣ್ಣ ಕರುಳಿನಲ್ಲಿ ಒಡೆದು ಅಮೈನೊ ಆಮ್ಲಗಳಾಗುತ್ತದೆ. ಅವು ರಕ್ತ ಸೇರಿ ಬೇಕಾದ ಕಡೆಗೆ ಹೋಗುತ್ತವೆ. ಆದ್ದರಿಂದ ರಕ್ತದಲ್ಲಿ ಅಮೈನೊ ಆಮ್ಲ ಇರುವುದು ರೋಗವಲ್ಲ. ಅದು ಇರಲೇಬೇಕು. ಪ್ರಶ್ನೆ ಇರುವುದು ಎಷ್ಟಿದೆ, ಏಕೆ ಅಷ್ಟಿದೆ ಎಂಬುದರಲ್ಲಿ.

ಫ್ರೇಮಿಂಗ್‌ಹ್ಯಾಮ್ ಹೇಳಿದ್ದೇನು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. 1948ರಲ್ಲಿ ಅಲ್ಲಿನ 5,209 ಜನರನ್ನು ಸೇರಿಸಿಕೊಂಡು ಹೃದಯದ ಆರೋಗ್ಯದ ಅಧ್ಯಯನ ಶುರುವಾಯಿತು. ಮುಂದೆ ಅವರ ಮಕ್ಕಳನ್ನೂ ಅಧ್ಯಯನಕ್ಕೆ ಸೇರಿಸಿಕೊಂಡರು. ಆ ಎರಡನೆಯ ತಲೆಮಾರಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದ 2,422 ಜನರನ್ನು 12 ವರ್ಷ ಗಮನಿಸಿದಾಗ 201 ಮಂದಿಗೆ ಆ ಕಾಯಿಲೆ ಬಂತು. ಕಾಯಿಲೆ ಬಂದವರ ಮತ್ತು ಬಾರದವರ ರಕ್ತವನ್ನು ಹೋಲಿಸಿ ನೋಡಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹೋಲಿಸಿದ್ದು ಯಾವ ರಕ್ತವನ್ನು ಗೊತ್ತೇ? ಎಲ್ಲರೂ ಆರೋಗ್ಯವಾಗಿದ್ದಾಗಲೇ ತೆಗೆದು ಕಾಪಾಡಿ ಇಟ್ಟಿದ್ದ ರಕ್ತವನ್ನು!

ಮುಂದೆ ಕಾಯಿಲೆ ಬಂದವರ ರಕ್ತದಲ್ಲಿ ಐದು ಅಮೈನೊ ಆಮ್ಲಗಳು ಮೊದಲೇ ಹೆಚ್ಚಾಗಿದ್ದವು. ಅವು ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲೀನ್, ಟೈರೋಸೀನ್ ಮತ್ತು ಫಿನೈಲಲನೀನ್. ಇದು ಬಹಳ ಉಪಯುಕ್ತ ಸುಳಿವು. ಕಾಯಿಲೆ ಬರುವ ವರ್ಷಗಳ ಮುಂಚೆಯೇ ರಕ್ತ ಅದರ ಸೂಚನೆ ಕೊಡುತ್ತಿತ್ತು.

ಆದರೆ ಇದು ಕೊಡೆಯೋ, ಮಳೆಯೋ? ಬಚ್ಚಲುಮನೆಯಲ್ಲಿ ನೀರು ನಿಂತಿದ್ದರೆ ನಲ್ಲಿಯನ್ನು ಮಾತ್ರ ಬೈದರೆ ಆಗದು. ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದೆಯೇ ಎಂದೂ ನೋಡಬೇಕು. ದೇಹದಲ್ಲೂ ಹೀಗೆಯೇ. ಸಕ್ಕರೆಯನ್ನು ಬಳಸಿಕೊಳ್ಳಲು ನೆರವಾಗುವ ಇನ್ಸುಲಿನ್ ಎಂಬ ಹಾರ್ಮೋನು ಸರಿಯಾಗಿ ಕೆಲಸ ಮಾಡದಿದ್ದಾಗ, ದೇಹವು ಲ್ಯೂಸೀನ್‌ನಂಥ ಅಮೈನೊ ಆಮ್ಲಗಳನ್ನು ಬಳಸುವುದೂ ನಿಧಾನವಾಗುತ್ತದೆ. ಆಗ ಅವು ರಕ್ತದಲ್ಲಿ ಹೆಚ್ಚು ಉಳಿಯುತ್ತವೆ. ಅಂದರೆ ತೊಂದರೆ ತಟ್ಟೆಯಲ್ಲಿಯೇ ಇರಬೇಕೆಂದಿಲ್ಲ, ದೇಹದ ಕೆಲಸದಲ್ಲಿಯೂ ಇರಬಹುದು. ಹೆಚ್ಚಾದ ಅಮೈನೊ ಆಮ್ಲ ತಾನೂ ಸ್ವಲ್ಪ ಹಾನಿ ಮಾಡುತ್ತದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ಒಂದು ಪಾಠ ಕಲಿಸಿದ ಹೋಮೊಸಿಸ್ಟೀನ್

ಸುಳಿವನ್ನು ಕಾರಣವೆಂದು ಆತುರದಿಂದ ತೀರ್ಮಾನಿಸಬಾರದು ಎನ್ನಲು ಇನ್ನೊಂದು ಕತೆಯಿದೆ. ಇದು ಹೃದಯಕ್ಕೆ ಸಂಬಂಧಿಸಿದ್ದು.

ಹೋಮೊಸಿಸ್ಟೀನ್ ಎಂಬುದೂ ಒಂದು ಅಮೈನೊ ಆಮ್ಲ. ಇದು ಪ್ರೋಟೀನು ಕಟ್ಟುವ 20ರ ಪಟ್ಟಿಯಲ್ಲಿಲ್ಲ. ಮೆಥಿಯೊನೀನ್ ಎಂಬ ಅಮೈನೊ ಆಮ್ಲವನ್ನು ದೇಹ ಬಳಸುವಾಗ ನಡುವೆ ಹುಟ್ಟುತ್ತದೆ. ಕೆಲವು ಮಕ್ಕಳಿಗೆ ಇದು ರಕ್ತದಲ್ಲಿ ವಿಪರೀತವಾಗಿ ತುಂಬಿಕೊಳ್ಳುವ ಅಪರೂಪದ ಕಾಯಿಲೆ ಹುಟ್ಟಿನಿಂದಲೇ ಇರುತ್ತದೆ. ಅಮೆರಿಕದ ವೈದ್ಯ ಕಿಲ್ಮರ್ ಮೆಕ್‌ಕಲಿ ಅವರು ಇಂಥ ಕಾಯಿಲೆಯಿಂದ ತೀರಿಕೊಂಡ ಮಕ್ಕಳ ರಕ್ತನಾಳಗಳನ್ನು ಪರೀಕ್ಷಿಸಿದರು. ಅವು ವಯಸ್ಸಾದವರ ರಕ್ತನಾಳಗಳಂತೆ ದಪ್ಪಗಾಗಿ ಗಡುಸಾಗಿದ್ದವು! ಹೋಮೊಸಿಸ್ಟೀನ್ ರಕ್ತನಾಳಗಳಿಗೆ ಹಾನಿ ಮಾಡುತ್ತದೆ ಎಂದು ಅವರು 1969ರಲ್ಲಿ ಬರೆದರು. ಮುಂದಿನ ವರ್ಷಗಳಲ್ಲಿ, ಹೋಮೊಸಿಸ್ಟೀನ್ ತುಸು ಹೆಚ್ಚಿರುವ ದೊಡ್ಡವರಲ್ಲೂ ಹೃದಯಾಘಾತ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿದವು.

ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವಗಳನ್ನು ಕೊಟ್ಟರೆ ಹೋಮೊಸಿಸ್ಟೀನ್ ಇಳಿಯುತ್ತದೆ. ಹಾಗಿದ್ದರೆ ಹೃದಯಾಘಾತವೂ ಇಳಿಯಬೇಕಲ್ಲವೇ? ವಿಜ್ಞಾನಿಗಳು ಊಹೆಗೆ ನಿಲ್ಲಲಿಲ್ಲ, ಪ್ರಯೋಗ ಮಾಡಿದರು. ನಾರ್ವೆಯಲ್ಲಿ ಹೃದಯಾಘಾತವಾಗಿದ್ದ 3,749 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಹಲವು ದೇಶಗಳ 5,522 ಜನರ ಮೇಲೆ ಇನ್ನೊಂದು ನಡೆಯಿತು. ಎರಡರ ಫಲಿತಾಂಶವೂ 2006ರಲ್ಲಿ ಹೊರಬಂತು. ಜೀವಸತ್ವದಿಂದ ಹೋಮೊಸಿಸ್ಟೀನ್ ಇಳಿಯಿತು, ಆದರೆ ಹೃದಯಾಘಾತ ಕಡಿಮೆಯಾಗಲಿಲ್ಲ!

ಊರವರೆಲ್ಲ ಕೊಡೆ ಮಡಚಿದರೂ ಕೆರೆಗೆ ನೀರು ಬರುವುದು ನಿಲ್ಲಲಿಲ್ಲ ಎಂದ ಹಾಗಾಯಿತು. ಹಾಗೆಂದು ಮೆಕ್‌ಕಲಿ ಅವರ ಶ್ರಮ ವ್ಯರ್ಥವಾಗಲಿಲ್ಲ. ಆ ಅಪರೂಪದ ಕಾಯಿಲೆ ಇರುವ ಮಕ್ಕಳಲ್ಲಿ ಹೋಮೊಸಿಸ್ಟೀನ್ ಇಳಿಸುವ ಚಿಕಿತ್ಸೆ ಇಂದಿಗೂ ಬೇಕೇಬೇಕು. ಬಿ-12 ಕೂಡ ರಕ್ತಕ್ಕೂ ನರಗಳಿಗೂ ಅಗತ್ಯ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಸಿಗುತ್ತದೆ. ಒಂದು ಕಡೆ ನಿಜವಾದದ್ದು ಎಲ್ಲ ಕಡೆಯೂ ನಿಜವಾಗಬೇಕಿಲ್ಲ ಎಂಬುದೇ ಇಲ್ಲಿನ ಪಾಠ.

ತಟ್ಟೆಯನ್ನು ಬರಿದು ಮಾಡಬೇಡಿ

ಈಗ ನನ್ನ ಮಾತಿಗೆ ಬರುತ್ತೇನೆ. ನೀವು ಬೆಳೆಯುವ ಮಕ್ಕಳು. ಅಮೈನೊ ಆಮ್ಲಗಳು ನಿಮಗೆ ದಿನವೂ ಬೇಕು. ಅಕ್ಕಿ, ಜೋಳಗಳಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ, ಆದರೆ ಮೆಥಿಯೊನೀನ್ ಕಡಿಮೆ. ಎರಡನ್ನೂ ಸೇರಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ಬೇಳೆ ಸಾರು, ಜೋಳದ ರೊಟ್ಟಿಗೆ ಕಾಳು ಪಲ್ಯ, ಮುದ್ದೆಗೆ ಹುರುಳಿ ಸಾರು, ಅಕ್ಕಿಯ ಜೊತೆ ಉದ್ದು ಸೇರಿದ ಇಡ್ಲಿ ಎಲ್ಲವೂ ಇಂಥ ಒಳ್ಳೆಯ ಜೋಡಿಗಳೇ. ಅರೆಬರೆ ಸುದ್ದಿಗೆ ಹೆದರಿ ಸಾರಿನ ಬೇಳೆಯನ್ನು ಬಿಟ್ಟರೆ, ಬಾರದ ಕಾಯಿಲೆಗೆ ಹೆದರಿ ಬೆಳೆಯುವ ದೇಹವನ್ನು ಉಪವಾಸ ಕೆಡವಿದಂತೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಅಂಗಡಿಯಲ್ಲಿ ಇದೇ ಅಮೈನೊ ಆಮ್ಲಗಳ ಪುಡಿಯ ಡಬ್ಬಿಗಳು ಸಿಗುತ್ತವೆ. ತಿಂದರೆ ತೋಳು ದಪ್ಪವಾಗುತ್ತದೆ ಎಂದು ಆಸೆ ಹುಟ್ಟಿಸುತ್ತವೆ. ಸರಿಯಾಗಿ ಊಟ ಮಾಡಿ ಆಡುವ ಮಕ್ಕಳಿಗೆ ಅವು ಬೇಕಿಲ್ಲ. ಇನ್ನು ಮೂತ್ರಪಿಂಡದ ಕಾಯಿಲೆ ಇರುವವರಿಗೆ ವೈದ್ಯರು ಪ್ರೋಟೀನು ಕಡಿಮೆ ಮಾಡಲು ಹೇಳಿದ್ದರೆ, ಅವರು ವೈದ್ಯರ ಮಾತನ್ನೇ ಕೇಳಬೇಕು.

ಹಾಗಾದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ದೂರವಿಡಲು ಏನು ಮಾಡಬೇಕು? ದಿನವೂ ಓಡಿಯಾಡಿ. ದುಡಿಯುವ ಸ್ನಾಯುಗಳಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಳು, ಸೊಪ್ಪು, ತರಕಾರಿ, ಹಣ್ಣು ತಿನ್ನಿ. ಸಿಹಿ ಪಾನೀಯ ಮತ್ತು ಕರಿದ ತಿಂಡಿ ಅಪರೂಪಕ್ಕೆ ಇರಲಿ. ಬೀಡಿ ಸಿಗರೇಟು ಬಿಡುವಂತೆ ಮನೆಯ ಹಿರಿಯರಿಗೆ ಪ್ರೀತಿಯಿಂದ ಹೇಳಿ.

ಇನ್ನು ಮುಂದೆ ಯಾರಾದರೂ 'ಇದು ಹೆಚ್ಚಿದ್ದವರಿಗೆ ಆ ಕಾಯಿಲೆ ಬರುತ್ತದಂತೆ' ಎಂದರೆ ಮೂರು ಪ್ರಶ್ನೆ ಕೇಳಿ. ಇದು ಕಾರಣವೋ, ಬರೀ ಸುಳಿವೋ? ಇದನ್ನು ಇಳಿಸಿ ನೋಡಿದ್ದಾರೆಯೇ? ಇಳಿಸಿದಾಗ ಕಾಯಿಲೆಯೂ ಇಳಿಯಿತೇ? ಉತ್ತರ ಸಿಗುವ ತನಕ ತಟ್ಟೆಯ ಬೇಳೆ ತಟ್ಟೆಯಲ್ಲೇ ಇರಲಿ. ಕೊಡೆಯನ್ನು ಕಂಡು ಮಳೆ ಬಂತೆಂದು ತಿಳಿಯೋಣ, ಆದರೆ ಕೆರೆ ತುಂಬಿಸಿದ್ದು ಕೊಡೆ ಎನ್ನುವುದು ಬೇಡ.