ಬೇಲಿಯೇ ಹೊಲ ಮೇಯ್ದಾಗ

ಮೂರನೆಯ ತರಗತಿಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಮೊನ್ನೆಯವರೆಗೆ ದುಂಡಾಗಿ ಬರೆಯುತ್ತಿದ್ದವಳ ಅಕ್ಷರ ಇಂದು ಗೆರೆ ಮೀರಿ ಚೆಲ್ಲಾಡುತ್ತದೆ. ಊಟದ ತಟ್ಟೆ ಕೈಯಿಂದ ಜಾರುತ್ತದೆ. ಸಾಲಿನಲ್ಲಿ ನೆಟ್ಟಗೆ ನಿಲ್ಲಲಾರಳು. ಸುಮ್ಮಸುಮ್ಮನೆ ಮುಖ ಸೊಟ್ಟಗೆ ಮಾಡುತ್ತಾಳೆ. ಉಪಾಧ್ಯಾಯರಿಗೆ ಇದು ತುಂಟತನವಾಗಿ ಕಾಣುತ್ತದೆ. ಅಜ್ಜಿಗೆ ಗಾಳಿ ಸೋಕಿದಂತೆ ಕಾಣುತ್ತದೆ. ಒಬ್ಬರು ಗದರುತ್ತಾರೆ, ಇನ್ನೊಬ್ಬರು ಮಂತ್ರಿಸಿದ ದಾರ ಕಟ್ಟಿಸುತ್ತಾರೆ. ಇಬ್ಬರಿಗೂ ಮಗುವಿನ ಮೇಲೆ ಅಕ್ಕರೆಯಿಲ್ಲವೆಂದಲ್ಲ. ಇದೊಂದು ರೋಗವಿರಬಹುದೆಂಬುದು ಇಬ್ಬರಿಗೂ ಹೊಳೆದಿಲ್ಲ, ಅಷ್ಟೆ.

ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ 1686ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದನು. ಇಂದಿಗೂ ಈ ರೋಗಕ್ಕೆ ಸಿಡೆನ್‌ಹ್ಯಾಮ್ ಕೊರಿಯಾ ಎಂದೇ ಹೆಸರು. ಗಂಟಲು ನೋವು ಬಂದು ಹೋದ ಕೆಲವು ವಾರಗಳ ಇಲ್ಲವೆ ತಿಂಗಳುಗಳ ಮೇಲೆ ಇದು ತಲೆದೋರುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವನ್ನು ಎದುರಿಸಲೆಂದು ದೇಹವು ಹುಟ್ಟಿಸಿದ ಪ್ರತಿಕಾಯಗಳು ಗುರಿ ತಪ್ಪಿ ಮಿದುಳನ್ನೇ ಬಾಧಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಅಕ್ಷರವೇನೋ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗಬಹುದು. ಆದರೆ ಅದೇ ರೋಗ ಹೃದಯದ ಕವಾಟಗಳಿಗೆ ಮಾಡಿದ ಗಾಯ ಉಳಿದುಬಿಡಬಹುದು. ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಕೊಡುವ ಪೆನ್ಸಿಲಿನ್ ಚುಚ್ಚುಮದ್ದು ಅದು ಮರುಕಳಿಸದಂತೆ ಕಾಯುತ್ತದೆ.

ಇದಕ್ಕಿಂತ ಭೀಕರವಾದುದೊಂದನ್ನು 2007ರಲ್ಲಿ ಜೋಸೆಪ್ ಡಾಲ್ಮೌ ಮತ್ತು ಅವರ ಸಂಗಡಿಗರು ಗುರುತಿಸಿದರು. ಅದು ಪ್ರತಿಕಾಯಗಳಿಂದ ಬರುವ ಮಿದುಳಿನ ಉರಿಯೂತ. ಮಗುವಿನ ನಿದ್ರೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಇಲ್ಲದ್ದನ್ನು ಕಂಡಂತೆ ಆಡುತ್ತದೆ, ಸೆಳವು ಬರುತ್ತದೆ, ಕಡೆಗೆ ಮಾತೇ ನಿಲ್ಲುತ್ತದೆ. ದೆವ್ವ ಮೆಟ್ಟಿಕೊಂಡಿದೆ ಎನ್ನಲು ಇನ್ನೇನು ಬೇಕು? ಆದರೆ 577 ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಿರಿ. ಅವರಲ್ಲಿ 211 ಮಂದಿ ಹದಿನೆಂಟು ತುಂಬದವರು. ಎರಡು ವರ್ಷ ಗಮನಿಸಲ್ಪಟ್ಟವರಲ್ಲಿ ಐವರಿಗೆ ನಾಲ್ವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ಚಿಕಿತ್ಸೆ ಬೇಗ ಆರಂಭವಾದಷ್ಟೂ ಫಲ ಹೆಚ್ಚು. ಆದುದರಿಂದ ಇಲ್ಲಿ ಕಳೆಯುವ ಒಂದೊಂದು ವಾರಕ್ಕೂ ಬೆಲೆಯುಂಟು.

ಈ ರೋಗಗಳನ್ನು ಬಲ್ಲವರು ಮಕ್ಕಳ ನರರೋಗ ತಜ್ಞರು. ಮಕ್ಕಳ ವೈದ್ಯದಲ್ಲಿ ಎಂ.ಡಿ. ಮುಗಿಸಿ ಮತ್ತೆ ಮೂರು ವರ್ಷ ಈ ಶಾಖೆಯನ್ನೇ ಅಭ್ಯಾಸ ಮಾಡಿದಂಥವರು. ಅಂಥವರೊಬ್ಬರು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ತಾಲ್ಲೂಕಿಗೊಬ್ಬರಂತೆ ಇರಬೇಕೆಂದು ಕೇಳುವುದು ವಿವೇಕವಲ್ಲ. ಆಸ್ಪತ್ರೆಗಳೇ ಇಲ್ಲವೆಂಬ ದೂರೂ ಇಲ್ಲಿ ಪೂರ್ಣ ನಿಜವಲ್ಲ. ಶ್ರೀರಂಗಪಟ್ಟಣಕ್ಕೆ ಮೈಸೂರು ಹದಿನೈದು ಕಿಲೋಮೀಟರಿನಷ್ಟು ದೂರ. ನಾಗಮಂಗಲ ತಾಲ್ಲೂಕಿನಲ್ಲಿಯೇ, ಬೆಳ್ಳೂರಿನ ಬಳಿ, 1986ರಿಂದ ವೈದ್ಯಕೀಯ ಕಾಲೇಜೊಂದಿದೆ. ಮಂಡ್ಯದಲ್ಲಿ ಸರ್ಕಾರಿ ಕಾಲೇಜಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹಾಗಾದರೆ ಕೊರತೆ ಎಲ್ಲಿ? ಹಳ್ಳಿಯ ಶಾಲೆಗೂ ಆಸ್ಪತ್ರೆಯ ಬಾಗಿಲಿಗೂ ನಡುವೆ ಇಡಬೇಕಾದ ಮೊದಲ ಹೆಜ್ಜೆಯಲ್ಲಿ.

ಆ ಹೆಜ್ಜೆಯನ್ನು ಇಡುವುದು ನಮ್ಮ ದೇಶಕ್ಕೆ ಹೊಸತಲ್ಲ. ಪೋಲಿಯೋವನ್ನು ಹೊರಗಟ್ಟಲು ಹೊರಟಾಗ, ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹಠಾತ್ತನೆ ಬಲಗುಂದಿದರೂ ವರದಿ ಮಾಡಬೇಕೆಂಬ ಏರ್ಪಾಡು 1997ರಲ್ಲಿ ಆರಂಭವಾಯಿತು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂಬ ಮನ್ನಣೆ ಪಡೆಯಿತು. ಗಿಯಾನ್–ಬಾರೆ ಎಂಬ ಇನ್ನೊಂದು ಸ್ವಪ್ರತಿರಕ್ಷಾ ರೋಗದ ಮಕ್ಕಳೂ ಆ ಬಲೆಯಲ್ಲಿಯೇ ಕಣ್ಣಿಗೆ ಬಿದ್ದರು. ಕಾಲು ಸೋತ ಮಗುವಿಗೆ ದೊರೆತ ಈ ಗಮನ, ಹಠಾತ್ತನೆ ನಡತೆ ಕೆಟ್ಟ ಮಗುವಿಗೂ ದೊರೆಯಬೇಕೆಂಬುದೇ ನನ್ನ ವಾದ.

ಉಪಾಧ್ಯಾಯರ ತಲೆಯ ಮೇಲೆ ಇನ್ನೊಂದು ಹೊರೆಯೇ ಎಂದು ಕೆಲವರು ಕೇಳಿಯಾರು. ಚುನಾವಣೆ, ಜನಗಣತಿ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ಅವರ ಶ್ರಮವನ್ನು ನಾನು ಕಡೆಗಣಿಸಲಾರೆ. ಆದರೆ ರೋಗನಿರ್ಣಯ ಅವರ ಕೆಲಸವಲ್ಲ. ವರ್ಷಕ್ಕೊಮ್ಮೆ ಶಾಲೆಗೆ ಬರುವ ಆರೋಗ್ಯ ತಂಡಕ್ಕೆ ಕೆಲವೇ ದಿನಗಳಲ್ಲಿ ಬಲಿಯುವ ರೋಗ ಕಾಣದು. ದಿನವೂ ಕಾಪಿ ಪುಸ್ತಕ ತಿದ್ದುವವರಿಗೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಅಕ್ಷರ, ಮಾತು, ನಡಿಗೆ, ಸ್ವಭಾವ ಇವುಗಳಲ್ಲಿ ಯಾವುದು ಬದಲಾದರೂ ತಾಯಿತಂದೆಯರನ್ನು ಕರೆಸಿ, “ಇವಳನ್ನು ಮಕ್ಕಳ ಡಾಕ್ಟರಿಗೆ ತೋರಿಸಿ” ಎಂದರೆ ಸಾಕು. ಹತ್ತು ಸಲ ಆ ಸಂಶಯ ಸುಳ್ಳಾದರೆ ನಷ್ಟವಾಗುವುದು ಒಂದೊಂದು ದಿನದ ಕೂಲಿ; ಬಡವರಿಗೆ ಅದು ಸಣ್ಣದಲ್ಲ, ಬಲ್ಲೆ. ಹನ್ನೊಂದನೆಯ ಸಲ ನಿಜವಾದರೆ ಉಳಿಯುವುದು ಒಂದು ಬಾಳು.

ಸರ್ಕಾರವೂ ತನ್ನ ಪಾಲನ್ನು ಸಲ್ಲಿಸಬೇಕು. ತಜ್ಞರು ತಿಂಗಳಿಗೊಮ್ಮೆ ಗೊತ್ತಾದ ದಿನ ಮಂಡ್ಯಕ್ಕೆ ಬರಲಿ. ತಾಲ್ಲೂಕು ವೈದ್ಯರು ಕರೆದಾಗ ಫೋನಿನಲ್ಲಿ ಸಿಕ್ಕಲಿ. ರೋಗವನ್ನು ತಾಯಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಮನೆಯವರು ದೇವರಿಗೆ ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಹರಕೆ ಹೊತ್ತ ದಿನವೇ ಆಸ್ಪತ್ರೆಯ ಬಸ್ಸನ್ನೂ ಹತ್ತಲಿ. ಇನ್ನು ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ: ನಾಳೆ ಸೋಮವಾರ ಕಾಪಿ ಪುಸ್ತಕ ತಿದ್ದುವಾಗ, ಕೆಟ್ಟ ಅಕ್ಷರಕ್ಕೆ ಕೆಂಪು ಗೆರೆ ಎಳೆಯುವ ಮುನ್ನ ಅದೇ ಪುಸ್ತಕದ ಹಿಂದಿನ ಪುಟವನ್ನೊಮ್ಮೆ ತಿರುವಿ ನೋಡಿರಿ.