ಬೆಳ್ಳಿಯ ಮೇಲಣ ಬಂಗಾರ: ಹೆಸರು ಹೇಳಿ ಧರಿಸೋಣ

ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಮುಂಚಿತವಾಗಿ ಘಾಟಿ ಸುಬ್ರಹ್ಮಣ್ಯದಲ್ಲಿ ನೆರೆಯುವ ದನಗಳ ಜಾತ್ರೆಗೆ ಹೋಗಿಬರುವುದು ದೊಡ್ಡಬಳ್ಳಾಪುರ ಸೀಮೆಯ ಕ್ರೈಸ್ತ ಕುಟುಂಬಗಳಿಗೂ ಹೊಸದಲ್ಲ. ಹೊಲವಿದ್ದವರಿಗೆಲ್ಲ ಎತ್ತು ಬೇಕು, ಎತ್ತಿಗೆ ಮತಭೇದವಿಲ್ಲ. ಕೊಳ್ಳಬಂದ ರೈತನ ಎಚ್ಚರಿಕೆಯನ್ನು ನಾವು ಅಲ್ಲಿ ಹತ್ತಿರದಿಂದ ಕಂಡಿದ್ದೇವೆ. ತುಟಿಯೆತ್ತಿ ಹಲ್ಲೆಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ಪರೀಕ್ಷಿಸುತ್ತಾನೆ. ಆಮೇಲೆಯೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಅದೇ ರೈತ ಸಾಯಂಕಾಲ ಅಂಗಡಿ ಸಾಲಿಗೆ ಬಂದು ಮಗಳಿಗೊಂದು ಅಡ್ಡಿಕೆ ಕೊಳ್ಳುವಾಗ ಕೇಳಿದ್ದು ಒಂದೇ ಮಾತು.

"ಇದು ಚಿನ್ನವಾ ಅಣ್ಣಾ?"

"ಬೆಳ್ಳಿ ಮೇಲೆ ಚಿನ್ನದ ನೀರು ಯಜಮಾನ್ರೇ, ಬಣ್ಣ ಹೋಗಾಕಿಲ್ಲ."

ಅಷ್ಟಕ್ಕೇ ಹಣ ಎಣಿಸಿ ಕೊಟ್ಟದ್ದಾಯಿತು. ಒಳಗಿರುವುದು ನಿಜಕ್ಕೂ ಬೆಳ್ಳಿಯೇ, ಹಿತ್ತಾಳೆಯೇ? ಚಿನ್ನದ ನೀರು ಎಷ್ಟು ದಪ್ಪ? ರಸೀದಿಯಲ್ಲಿ ಏನೆಂದು ಬರೆಯುತ್ತಾರೆ? ಯಾವುದೂ ವಿಚಾರಣೆಗೆ ಬರಲಿಲ್ಲ. ಪಕ್ಕದಲ್ಲಿದ್ದ ನಾವೂ ಬಾಯಿ ತೆರೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಈ ವಿಷಯವನ್ನು ಈ ಅಂಕಣದಲ್ಲಿ ಎತ್ತಲು ಕಾರಣವಿದೆ. 10 ಗ್ರಾಂ ಅಪರಂಜಿಯ ಬೆಲೆ 2025ರಲ್ಲಿ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಅಂದಿನಿಂದ ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುವ ವಿವಾಹಗಳಲ್ಲಿ ಬೆಳ್ಳಿಗೆ ಚಿನ್ನ ಲೇಪಿಸಿದ ಒಡವೆಗಳು ಹೆಚ್ಚುತ್ತಿರುವುದನ್ನು ಕಾಣುತ್ತಿದ್ದೇವೆ. ಅವು ಹೆಚ್ಚುತ್ತಿರುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಅವುಗಳ ಬಗ್ಗೆ ಯಾರೂ ಮಾತನಾಡದಿರುವುದಕ್ಕೆ ಇದೆ.

ನಮ್ಮ ಬಂಧುವರ್ಗದಲ್ಲಿಯೇ ನಡೆದುದನ್ನು ಹೇಳುತ್ತೇವೆ. ವಿಧವೆಯಾದ ತಾಯಿಯೊಬ್ಬರು ಹಿರಿಯ ಮಗಳ ವಿವಾಹದಲ್ಲಿ ಎರಡೆಳೆಯ ಚಿನ್ನದ ಸರದೊಂದಿಗೆ ಒಂದು ದೊಡ್ಡ ನೆಕ್ಲೇಸನ್ನೂ ಹಾಕಿದರು. ನೆಕ್ಲೇಸು ಬೆಳ್ಳಿಯದು, ಮೇಲೆ ಚಿನ್ನದ ಲೇಪ. ಅವರು ಅದನ್ನು ಯಾರಿಗೂ ಹೇಳಲಿಲ್ಲ, ಯಾರೂ ನೇರವಾಗಿ ಕೇಳಲೂ ಇಲ್ಲ. ಊಟದ ಪಂಕ್ತಿಯಲ್ಲಿ ಮಾತ್ರ "ಆರು ಸವರನ್ ಆದರೂ ಇದ್ದೀತು" ಎಂದು ಲೆಕ್ಕ ಹಾಕಿದವರಿದ್ದರು. ನಾವು ತಲೆಯಾಡಿಸಿದ್ದೆವು. ಎರಡು ವರ್ಷಗಳ ಮೇಲೆ ಮಗಳ ಮಾವನವರು ಆಸ್ಪತ್ರೆಗೆ ಸೇರಿದಾಗ ಮೊದಲು ನೆನಪಾದುದು ಆ ನೆಕ್ಲೇಸು. ಗಿರವಿ ಅಂಗಡಿಯವನು ಅದನ್ನು ಒರೆಗಲ್ಲಿಗೆ ಉಜ್ಜಿ, ಅಂಚಿನಲ್ಲಿ ಅರದಿಂದ ಸಣ್ಣಗೆ ಕೆರೆದು, ಮಾತಿಲ್ಲದೆ ಮೇಜಿನ ಮೇಲೆ ಹಿಂದಕ್ಕೆ ಸರಿಸಿದನಂತೆ. ಆಸ್ಪತ್ರೆಯ ಹಣ ಹೇಗೋ ಹೊಂದಿತು. ಆದರೆ ಆ ಮನೆಯಲ್ಲಿ ಸೊಸೆ ಮುಂದಿನ ಆರು ತಿಂಗಳು ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ತಾಯಿ ಹೇಳಿದ್ದು ಇಷ್ಟೇ: "ಚಿನ್ನ ಅಂತ ನಾನು ಎಂದೂ ಹೇಳಿರಲಿಲ್ಲ." ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಇಡೀ ಕಲ್ಯಾಣಮಂಟಪ ಒಂದು ಸುಳ್ಳನ್ನು ನಂಬಿಕೊಂಡು ಊಟ ಮಾಡಿ ಎದ್ದಿತ್ತು.

ಹಾಗಾದರೆ ಲೇಪದ ಒಡವೆಯೆಂಬುದೇ ಮೋಸವೇ? ಹಾಗೆಂದು ತೀರ್ಪು ಕೊಡುವವರು ನಮ್ಮ ದೇವಾಲಯದ ಪೀಠದ ಕಡೆಗೊಮ್ಮೆ ನೋಡಬೇಕು. ದಿವ್ಯ ಬಲಿಪೂಜೆಯ ಪಾನಪಾತ್ರೆ ಅಪ್ಪಟ ಚಿನ್ನದ್ದಾಗಿರುವುದು ಅಪರೂಪ. ಬಹುಮಟ್ಟಿಗೆ ಬೆಳ್ಳಿ ಅಥವಾ ಇತರ ಲೋಹದ ಪಾತ್ರೆ, ಒಳಬದಿಗೆ ಚಿನ್ನದ ಲೇಪ. 2002ರ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳು ಸಹ, ಚಿನ್ನಕ್ಕಿಂತ ಕೆಳದರ್ಜೆಯ ಲೋಹದಿಂದ ಮಾಡಿದ ಪಾತ್ರೆಗಳ ಒಳಭಾಗಕ್ಕೆ ಸಾಮಾನ್ಯವಾಗಿ ಚಿನ್ನ ಲೇಪಿಸಬೇಕೆಂದು ವಿಧಿಸುತ್ತವೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಲೇಪ ಸವೆದುಹೋದ ಮಾತ್ರಕ್ಕೆ ಪಾತ್ರೆಯ ಪಾವಿತ್ರ್ಯ ನಷ್ಟವಾಗದು, ಆದರೆ ಅದನ್ನು ಮತ್ತೆ ಲೇಪಿಸಿಡುವುದು ಗುರುತರವಾದ ಕರ್ತವ್ಯ. ಹಳೆಯ ಒಡಂಬಡಿಕೆಯ ಕಾಲಕ್ಕೆ ಹೋದರೂ ಅಷ್ಟೇ. ಮೋಶೆಯ ಕಾಲದ ಮಂಜೂಷವು ಜಾಲೀಮರದ್ದು; ಒಳಗೂ ಹೊರಗೂ ಚಿನ್ನದ ತಗಡು. ಮರ ಯಾವುದೆಂಬುದನ್ನು ವಿಮೋಚನಕಾಂಡ ಮುಚ್ಚಿಡದೆ, ಅಳತೆಯ ಸಮೇತ ಹೇಳಿಬಿಟ್ಟಿದೆ.

ನಮ್ಮ ನೆರೆಹೊರೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಘಾಟಿಯಿಂದ ಇಳಿದು ದೊಡ್ಡಬಳ್ಳಾಪುರ ಪಟ್ಟಣಕ್ಕೆ ಬಂದರೆ ಬೀದಿಬೀದಿಯಲ್ಲೂ ವಿದ್ಯುತ್ ಮಗ್ಗಗಳ ಸದ್ದು. ರೇಷ್ಮೆ ಸೀರೆಯ ಅಂಚಿನಲ್ಲಿ ಮಿನುಗುವ ಜರಿ ಎಂದರೇನು? ಅಸಲಿ ಜರಿಯೆಂದರೆ ಕೂದಲಿಗಿಂತ ತೆಳ್ಳಗೆ ಬೆಳ್ಳಿಯ ತಂತಿಯನ್ನೆಳೆದು, ಚಪ್ಪಟೆ ಮಾಡಿ, ರೇಷ್ಮೆಯ ಎಳೆಗೆ ಸುತ್ತಿ, ಮೇಲೆ ಚಿನ್ನ ಲೇಪಿಸಿದ್ದು. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಬೆಳ್ಳಿ ಶೇಕಡಾ 65, ಚಿನ್ನ ಶೇಕಡಾ 0.65 ಎಂದು ಅದನ್ನು ತಯಾರಿಸುವ ಸರ್ಕಾರಿ ಸಂಸ್ಥೆಯೇ ಪ್ರಚಾರ ಮಾಡುತ್ತ ಬಂದಿದೆ. ಅಂದರೆ ಬೆಳ್ಳಿಯ ನೂರರಲ್ಲೊಂದು ಪಾಲು ಚಿನ್ನ! ಅದನ್ನೋದಿ ಸೀರೆಯನ್ನು ಹಿಂದಿರುಗಿಸಿದ ಗೃಹಿಣಿಯನ್ನು ನಾವು ಕಂಡಿಲ್ಲ. ನೇಕಾರರಲ್ಲಿ ಅಸಲಿ ಜರಿ, ತಾಮ್ರದ ತಂತಿಗೆ ಬೆಳ್ಳಿಯ ಲೇಪವಿರುವ ಟೆಸ್ಟೆಡ್ ಜರಿ, ಪ್ಲಾಸ್ಟಿಕ್ ಜರಿ ಎಂದು ಬೇರೆಬೇರೆ ಹೆಸರುಗಳಿವೆ, ಬೇರೆಬೇರೆ ಬೆಲೆಗಳಿವೆ. ಪ್ಲಾಸ್ಟಿಕ್ ಜರಿಯ ಸೀರೆ ನೇಯುವುದಕ್ಕೆ ಯಾವ ನೇಕಾರನೂ ನಾಚುವುದಿಲ್ಲ. ಅದನ್ನು ಅಸಲಿಯೆಂದು ಮಾರಿದವನಿಗೆ ಮಾತ್ರ ಮರ್ಯಾದೆಯಿಲ್ಲ. ಒಡವೆಯ ವಿಷಯದಲ್ಲಿ ಈ ಶಿಸ್ತು ನಮ್ಮ ಮನೆಗಳಿಗೆ ಏಕೆ ಬಾರದು?

ಬಂಗಾರದ ಪದಕವೆಂದು ನಾವು ಕೊಂಡಾಡುವ ಒಲಿಂಪಿಕ್ ಪದಕವೂ 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದ ತರುವಾಯ ಅಪ್ಪಟ ಚಿನ್ನದ್ದಲ್ಲ. 2021ರಲ್ಲಿ ಟೋಕಿಯೋದಲ್ಲಿ ನೀರಜ್ ಚೋಪ್ರಾ ಗೆದ್ದುಕೊಂಡು ಬಂದುದು ಸುಮಾರು 556 ಗ್ರಾಂ ತೂಕದ ಬೆಳ್ಳಿಯ ಪದಕ, ಅದರ ಮೇಲೆ 6 ಗ್ರಾಮಿನಷ್ಟು ಚಿನ್ನ. ಗೌರವಕ್ಕೆ ಕೊರತೆಯಾಯಿತೇ?

ಗೌರವಕ್ಕೆ ಸಾಲುವುದೆಲ್ಲ ಆಪತ್ತಿಗೆ ಸಾಲದು. ಇಲ್ಲಿ ಲೆಕ್ಕ ತಿಳಿದಿರಬೇಕು. ಲೇಪದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್. ವಿದೇಶಗಳಲ್ಲಿ ಬೆಳ್ಳಿಯ ಮೇಲಣ ಒಳ್ಳೆಯ ಲೇಪಕ್ಕೆ ವರ್ಮೇಲ್ ಎಂಬ ಹೆಸರಿದೆ. ಅಮೆರಿಕದ ವ್ಯಾಪಾರ ನಿಯಮದ ಪ್ರಕಾರ ಆ ಹೆಸರು ಹೇಳಿ ಮಾರಬೇಕಾದರೆ 925ರ ಬೆಳ್ಳಿಯ ಮೇಲೆ ಕನಿಷ್ಠ 2.5 ಮೈಕ್ರಾನ್ ಚಿನ್ನವಿರಬೇಕು. ಇದೀಗ 20 ಗ್ರಾಮಿನ ಒಂದು 22 ಕ್ಯಾರೆಟ್ ಬಳೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಶುದ್ಧ ಚಿನ್ನ 18 ಗ್ರಾಮಿಗಿಂತ ತುಸು ಹೆಚ್ಚು. ಉಳಿದುದು ತಾಮ್ರ, ಬೆಳ್ಳಿ. (ಅಪ್ಪಟವೆಂದು ನಾವು ಕರೆಯುವ ಒಡವೆಯಲ್ಲೂ ಬೆಳ್ಳಿ ಅಡಗಿರಬಹುದೆಂಬುದು ಈ ಮಾತಿನ ನಡುವೆ ನೆನಪಿರಲಿ.) ಅದೇ ಗಾತ್ರದ ಬಳೆಯನ್ನು ಬೆಳ್ಳಿಯಲ್ಲಿ ಮಾಡಿದರೆ ತೂಕ ಸುಮಾರು 12 ಗ್ರಾಂ ಮಾತ್ರ, ಏಕೆಂದರೆ ಬೆಳ್ಳಿ ಚಿನ್ನಕ್ಕಿಂತ ಹಗುರ. ಮೈಯೆಲ್ಲ ಸೇರಿ 20 ಚದರ ಸೆಂಟಿಮೀಟರಿರುವ ಆ ಬಳೆಗೆ 2.5 ಮೈಕ್ರಾನಿನ ಲೇಪ ಕೊಟ್ಟರೂ ತಗಲುವ ಚಿನ್ನ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಹದಿನೆಂಟು ಗ್ರಾಂ ಎಲ್ಲಿ, ಇದೆಲ್ಲಿ! ಜಾತ್ರೆಯ ಅಂಗಡಿಯ "ಚಿನ್ನದ ನೀರು" ಒಂದು ಮೈಕ್ರಾನಿಗೂ ಕಡಿಮೆಯಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಹಿಂದಿನ ಕಾಲದಲ್ಲಿ ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಬೆಳ್ಳಿಗೆ ಬಳಿದು ಬೆಂಕಿಯಲ್ಲಿ ಕಾಸುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹೊಗೆ ಕುಡಿದ ಕೆಲಸಗಾರರ ಆಯುಸ್ಸೂ ಅದರೊಂದಿಗೇ ಹೋಗುತ್ತಿತ್ತು. 1805ರಲ್ಲಿ ಇಟಲಿಯ ಬ್ರುನ್ಯಾತೆಲ್ಲಿ ವಿದ್ಯುತ್ತಿನಿಂದ ಬೆಳ್ಳಿಗೆ ಚಿನ್ನ ಲೇಪಿಸಿ ತೋರಿಸಿದ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್‌ಟನ್ ಮನೆತನದವರು ಅದಕ್ಕೆ ಹಕ್ಕುಪತ್ರ ಪಡೆದ ಮೇಲೆ ವಿದ್ಯುತ್ ಲೇಪನ ಲೋಕವನ್ನೇ ವ್ಯಾಪಿಸಿತು. ಹೇಗೆ ಲೇಪಿಸಿದರೂ ಬೆವರು, ಸುಗಂಧದ್ರವ್ಯ, ದಿನನಿತ್ಯದ ಉಜ್ಜಾಟಗಳಿಂದ ಲೇಪ ಸವೆಯುತ್ತದೆ. ಬೆಳ್ಳಿಯೂ ನಿಧಾನವಾಗಿ ಚಿನ್ನದ ಪದರದೊಳಗೆ ಏರಿ, ಗಾಳಿಯ ಗಂಧಕ ತಾಗಿ ಕಪ್ಪಾಗುತ್ತದೆ. "ಬಣ್ಣ ಹೋಗಾಕಿಲ್ಲ" ಎಂಬುದು ವ್ಯಾಪಾರದ ಮಾತು. ಭಾನುವಾರ, ಹಬ್ಬ, ಮದುವೆಗಳಿಗೆಂದು ತೆಗೆದಿಟ್ಟು ಧರಿಸಿದರೆ ಬಹುಕಾಲ ಬಾಳುತ್ತದೆ. ಉಂಗುರವಾಗಿ ದಿನವೂ ಪಾತ್ರೆ ತೊಳೆಯುವ ಕೈಯಲ್ಲಿದ್ದರೆ ಬೇಗನೆ ಬೆಳ್ಳಿ ಇಣುಕುತ್ತದೆ. ಬೆಳ್ಳಿಯ ಒಡವೆಗೆ ಒಂದು ಸಮಾಧಾನವಿದೆ: ಲೇಪ ಹೋದರೂ ಉಳಿಯುವುದು ಬೆಲೆಯುಳ್ಳ ಲೋಹ, ಮತ್ತೆ ಲೇಪ ಕೊಡಿಸಬಹುದು. "ಒಂದು ಗ್ರಾಂ ಚಿನ್ನ" ಎಂಬ ಹೆಸರಿನಲ್ಲಿ ಮಾರುವ ತಾಮ್ರ, ಹಿತ್ತಾಳೆಯ ಒಡವೆಗಳಿಗೆ ಆ ಭಾಗ್ಯವೂ ಇಲ್ಲ. ಅವುಗಳಲ್ಲಿ ಒಂದು ಗ್ರಾಂ ಚಿನ್ನವಿದೆಯೆಂದೇ ನಂಬಿರುವ ಸಹೋದರಿಯರು ನಮ್ಮಲ್ಲಿ ಅನೇಕರಿದ್ದಾರೆ.

ಮಾರುವಾಗ, ಅಡವಿಡುವಾಗ ಲೇಪದ ಒಡವೆಗೆ ಸಿಗುವುದು ಬೆಳ್ಳಿಯ ಬೆಲೆ. ಮೇಲಿನ ಚಿನ್ನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳು ಬೆಳ್ಳಿಯ ಒಡವೆಗಳ ಮೇಲಣ ಸಾಲಕ್ಕೂ ದಾರಿ ಮಾಡಿವೆ. ಅದು ಬೆಳ್ಳಿಯೆಂದು ಒಪ್ಪಿ ಕೊಡುವ ಸಾಲ. ಚಿನ್ನದ ಒಡವೆಯಲ್ಲಿ ಕೂಲಿ, ವೇಸ್ಟೇಜ್ ಎಂದು ಕೊಟ್ಟ ಹಣ ಮರಳಿ ಬಾರದಿದ್ದರೂ ಲೋಹದ ಬೆಲೆ ಕೈಬಿಡದು. ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಆಪತ್ತಿಗೆಂದು ಕೊಳ್ಳುವುದಾದರೆ ಎರಡು ಗ್ರಾಂ ಆದರೂ ಸರಿ, ಚಿನ್ನವನ್ನೇ ಕೊಳ್ಳಬೇಕು. ಅಲಂಕಾರಕ್ಕಾದರೆ ಬೆಳ್ಳಿಗೆ ಲೇಪವೇ ಸಾಕು, ಸಾಲ ಮಾಡಿ ಸವರನ್ ಕೂಡಿಸುವುದು ಬೇಡ. ಚಿನ್ನ ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ತ್ರಿಕೋನ ಚಿಹ್ನೆ, ಕ್ಯಾರೆಟ್ ಗುರುತು, ಆರು ಅಕ್ಷರಾಂಕಗಳ ಹಾಲ್‌ಮಾರ್ಕ್ ಸಂಖ್ಯೆ ಈ ಮೂರನ್ನೂ ನೋಡಿಕೊಳ್ಳಬೇಕು. ಹಾಲ್‌ಮಾರ್ಕ್ ಕಡ್ಡಾಯವಿರುವಲ್ಲಿ, 2023ರ ಏಪ್ರಿಲ್ 1ರಿಂದ ಈ ಆರಂಕಿಯ ಸಂಖ್ಯೆಯಿಲ್ಲದ ಚಿನ್ನದ ಒಡವೆಯನ್ನು ಮಾರುವಂತಿಲ್ಲ. 2 ಗ್ರಾಮಿಗಿಂತ ಕಡಿಮೆ ತೂಕದವುಗಳಿಗೆ ವಿನಾಯಿತಿಯುಂಟು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಒಡವೆಯ ಶುದ್ಧತೆ ಮನೆಯಲ್ಲಿಯೇ ತಿಳಿಯುತ್ತದೆ. ಚಿನ್ನದ ಹಾಲ್‌ಮಾರ್ಕ್ ಲೇಪದ ಒಡವೆಗೆ ದೊರೆಯದು. ಎತ್ತಿನ ಹಲ್ಲೆಣಿಸುವ ಜಾಣ್ಮೆಯುಳ್ಳ ನಮ್ಮ ರೈತರಿಗೆ ಇದು ಕಷ್ಟದ ವಿದ್ಯೆಯೇನಲ್ಲ.

ಕೊಳ್ಳುವವರ ಅಜ್ಞಾನವನ್ನು ಹೀಗೆ ಹೋಗಲಾಡಿಸಬಹುದು. ಬಂಧುಬಳಗದ ಬಾಯನ್ನು ಕಟ್ಟುವುದು ಹೇಗೆ? ವಧುವಿನ ಕೊರಳನ್ನು ಕಣ್ಣಿನಲ್ಲೇ ತೂಗುವವರು ನಾವೇ. "ಎಷ್ಟು ಹಾಕಿದರು?" ಎಂದು ಪಿಸುಗುಟ್ಟುವವರು ನಾವೇ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿಯೇ ಬಂದಿದ್ದರೂ ನಿಶ್ಚಿತಾರ್ಥದ ಮಾತುಕತೆಯಲ್ಲಿ ಸವರನ್ನಿನ ಲೆಕ್ಕ ನಿಂತಿಲ್ಲವೆಂಬುದು ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಗೊತ್ತಿರುವ ಸಂಗತಿಯೇ. ಆ ತಾಯಿ ಸುಮ್ಮನಿದ್ದುದು ನಮ್ಮ ಕಣ್ಣುಗಳ ಭಯದಿಂದ. ಅವರನ್ನು ದೂರುವ ಮೊದಲು ಪಂಕ್ತಿಯಲ್ಲಿ ತಲೆಯಾಡಿಸಿದ ನಮ್ಮನ್ನು ದೂರಬೇಕು.

ಅದೇ ತಾಯಿಯ ಕಿರಿಯ ಮಗಳ ನಿಶ್ಚಿತಾರ್ಥಕ್ಕೂ ನಾವು ಹೋಗಿದ್ದೆವು. ಗುರುಗಳು ಪ್ರಾರ್ಥನೆ ಮುಗಿಸಿ ಕುಳಿತ ಮೇಲೆ ಆಕೆ ಎದ್ದುನಿಂತು, "ಸರ 16 ಗ್ರಾಂ, ಚಿನ್ನದ್ದು, ರಸೀದಿ ಇಲ್ಲಿದೆ. ನೆಕ್ಲೇಸು ಬೆಳ್ಳಿ, ಮೇಲೆ ಚಿನ್ನದ ಲೇಪ. ನನ್ನ ಕೈಲಿ ಆಗುವುದು ಇಷ್ಟು" ಎಂದರು. ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ವರನ ಕಡೆಯ ಒಬ್ಬ ಅತ್ತೆ ಮುಖ ಸಿಂಡರಿಸಿದ್ದು ನಮಗೆ ಕಾಣಿಸಿತು. ವರನ ತಂದೆ ರಸೀದಿಯನ್ನು ನೋಡದೆಯೇ ಮಡಿಸಿ ಹಿಂದಕ್ಕೆ ಕೊಟ್ಟು, "ಆಗಲಿ ತಂಗೀ, ಊಟಕ್ಕೆ ಏಳೋಣವೇ?" ಎಂದು ಕೇಳಿದರು. ಹಿರಿಯ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕೊರಳಲ್ಲಿ ಆ ಹಳೆಯ ನೆಕ್ಲೇಸು ಇತ್ತು. ದೊಡ್ಡಬಳ್ಳಾಪುರದಲ್ಲಿ ಹೊಸದಾಗಿ ಲೇಪ ಕೊಡಿಸಿಕೊಂಡು ಬಂದಿದ್ದಳಂತೆ.