ವಿದ್ಯಾರ್ಥಿಗಳೂ ಮೊಬೈಲ್ ಶಿಷ್ಟಾಚಾರವೂ

ಮನುಷ್ಯನು ನಿರ್ಮಿಸಿಕೊಂಡ ಸಾಧನಗಳಲ್ಲಿ ಬಹುಪಾಲು ಅವನ ಮನೆಯನ್ನು ಸೇರುತ್ತವೆ. ಕೆಲವು ಮಾತ್ರ ಅವನ ಮೈಯನ್ನೇ ಸೇರಿಕೊಳ್ಳುತ್ತವೆ. ಕನ್ನಡಕ, ಕೈಗಡಿಯಾರಗಳ ತರುವಾಯ ಅಂತಹ ಸ್ಥಾನವನ್ನು ಪಡೆದದ್ದು ಮೊಬೈಲ್ ಫೋನು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆಯು ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. 2003ರ ವರೆಗೂ ನಾವು ಮಾಡಿದ ಕರೆಗಷ್ಟೇ ಅಲ್ಲದೆ ನಮಗೆ ಬಂದ ಕರೆಗೂ ಹಣ ತೆರಬೇಕಾಗಿತ್ತು. ಇಂದು ಕಾಲೇಜಿನ ಮೆಟ್ಟಿಲೇರುವ ತರುಣರು ಮೊಬೈಲ್ ಇಲ್ಲದ ಮನೆಯನ್ನು ಕಂಡವರೇ ಅಲ್ಲ. ಸಾಧನವು ಕೈಗೆ ಬಂದಷ್ಟು ಶೀಘ್ರವಾಗಿ ಅದನ್ನು ಬಳಸುವ ಮರ್ಯಾದೆಯು ನಮಗೆ ಬಂದಿಲ್ಲವೆಂಬುದು ಮಾತ್ರ ಒಪ್ಪಬೇಕಾದ ಸಂಗತಿ.

ಮುಂಬಯಿಯ ಹಿರಿಯ ಕನ್ನಡಿಗರು ‘ಪಿ.ಪಿ. ನಂಬರು’ ಎಂಬ ಮಾತನ್ನು ಮರೆತಿರಲಾರರು. ಇಡೀ ಚಾಳಿಗೆ ಯಾವುದೋ ಒಂದು ಮನೆಯಲ್ಲಿ ಫೋನು ಇರುತ್ತಿತ್ತು. ಆ ಮನೆಯ ಸಂಖ್ಯೆಯನ್ನೇ ನಾವೆಲ್ಲರೂ ನಮ್ಮ ಸಂಖ್ಯೆಯೆಂದು ಊರಿಗೆ ಬರೆದು ತಿಳಿಸುತ್ತಿದ್ದೆವು. ಕರೆ ಬಂದಾಗ ಆ ಮನೆಯವರು ಕೂಗಿ ಹೇಳುವರು. ನಾವು ಓಡಿಹೋಗಿ, ನಿಂತುಕೊಂಡೇ, ಎರಡು ಮಾತಿನಲ್ಲಿ ವಿಷಯ ಮುಗಿಸಿ, ಉಪಕಾರವಾಯಿತೆಂದು ಹೇಳಿ ಹಿಂದಿರುಗುತ್ತಿದ್ದೆವು. ಅವರ ಊಟದ ಹೊತ್ತಿನಲ್ಲಿ, ನಿದ್ರೆಯ ಹೊತ್ತಿನಲ್ಲಿ ಫೋನು ಮಾಡಬಾರದೆಂದು ಊರಿನವರಿಗೆ ಮೊದಲೇ ಎಚ್ಚರಿಕೆ ಕೊಟ್ಟಿರುತ್ತಿದ್ದೆವು. ಈ ಶಿಷ್ಟಾಚಾರವನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ. ಫೋನು ಪರರದು, ಅವರ ಸಮಯ ನಮ್ಮದಲ್ಲ ಎಂಬ ಅರಿವೇ ಅದನ್ನು ಕಲಿಸಿತ್ತು. ಇಂದು ಫೋನು ನಮ್ಮದಾಗಿದೆ. ಆದರೆ ಪಕ್ಕದವರ ಕಿವಿ, ಅವರ ಸಮಯ, ಅವರ ಏಕಾಂತಗಳು ಇಂದಿಗೂ ಅವರವೇ. ಮೊಬೈಲ್ ಶಿಷ್ಟಾಚಾರವೆಂದರೆ ಇಷ್ಟನ್ನು ನೆನಪಿನಲ್ಲಿಡುವುದೇ ಹೊರತು ಬೇರೇನಲ್ಲವೆಂದು ನನ್ನ ಅಭಿಪ್ರಾಯ.

ಅನೇಕ ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಈ ವಿಷಯದಲ್ಲಿ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಕೊಳ್ಳಬೇಕು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ತೊಡೆಯ ಮೇಲೆ ಫೋನನ್ನಿಟ್ಟುಕೊಂಡು ಮತ್ತೆ ಮತ್ತೆ ನೋಡುತ್ತಿದ್ದನು. ನಾನು ಅದನ್ನು ಕಿತ್ತುಕೊಂಡು ಮೇಜಿನ ಖಾನೆಯಲ್ಲಿಟ್ಟೆ. ಸಾಲದೆಂದು ಒಂದು ಕೊಂಕು ಮಾತನ್ನೂ ಆಡಿದೆ. ತರಗತಿಯು ನಕ್ಕಿತು. ಗಂಟೆ ಬಾರಿಸಿದ ಮೇಲೆ ಹಿಂದಕ್ಕೆ ಕೊಡುವಾಗ ನೋಡಿದರೆ, ಒಂದೇ ಸಂಖ್ಯೆಯಿಂದ ಹನ್ನೊಂದು ಕರೆಗಳು ಬಂದು ಹೋಗಿದ್ದುವು. ಅವನ ತಂದೆಯನ್ನು ಹಿಂದಿನ ರಾತ್ರಿ ಊರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದ ಆ ಹೊತ್ತಿನಲ್ಲಿ, ಹೊರಗೆ ಒಬ್ಬಳೇ ನಿಂತಿದ್ದ ತಾಯಿಯು ಮಗನ ಒಂದು ಧೈರ್ಯದ ಮಾತಿಗಾಗಿ ಫೋನು ಮಾಡುತ್ತಲೇ ಇದ್ದಳು. ದೇವರ ದಯೆಯಿಂದ ತಂದೆಯು ಗುಣಮುಖರಾದರು. ಹುಡುಗನು ನನ್ನನ್ನು ಒಂದು ಮಾತಿನಿಂದಲೂ ದೂರಲಿಲ್ಲ. ಅದು ನನ್ನನ್ನು ಇನ್ನಷ್ಟು ನೋಯಿಸಿತು.

ಅಂದಿನ ರಾತ್ರಿ ತಪ್ಪು ಯಾರದೆಂದು ಬಹಳವಾಗಿ ವಿಚಾರ ಮಾಡಿದೆ. “ಸರ್, ಮನೆಯಿಂದ ಅವಸರದ ಕರೆ ಬರಬಹುದು, ಬಂದರೆ ಹೊರಗೆ ಹೋಗುತ್ತೇನೆ” ಎಂದು ಅವನು ಪಾಠಕ್ಕೆ ಮೊದಲೇ ಹೇಳಬಹುದಾಗಿತ್ತು. “ಏನಪ್ಪಾ, ಏನು ವಿಷಯ?” ಎಂದು ನಾನು ಕೇಳಬಹುದಾಗಿತ್ತು. ಇಬ್ಬರೂ ಒಂದೊಂದು ಮಾತನ್ನು ಉಳಿಸಿಕೊಂಡೆವು; ಅದರ ಬೆಲೆಯನ್ನು ದೂರದ ಊರಿನಲ್ಲಿದ್ದ ಒಬ್ಬ ತಾಯಿಯು ತೆತ್ತಳು. ಮರುದಿನದಿಂದ ಪಾಠದ ಆರಂಭದಲ್ಲಿ ನಾನು ಹೇಳತೊಡಗಿದೆ: “ಅಗತ್ಯದ ಕರೆಯನ್ನು ಕಾಯುತ್ತಿರುವವರು ಬಾಗಿಲ ಬಳಿ ಕುಳಿತುಕೊಳ್ಳಿ. ಉಳಿದವರು ಫೋನನ್ನು ಮೌನಗೊಳಿಸಿ ಚೀಲದಲ್ಲಿಡಿ.” ಬಾಗಿಲ ಬಳಿಗೆ ಬಂದು ಕುಳಿತವರು ಯಾವ ದಿನವೂ ಒಬ್ಬರು ಇಬ್ಬರಿಗಿಂತ ಹೆಚ್ಚಿಲ್ಲ. ಆ ಸಲಿಗೆಯನ್ನು ದುರುಪಯೋಗಪಡಿಸಿಕೊಂಡವರೂ ತೀರ ಅಪರೂಪ. ಬರಿಯ ನಿಷೇಧದಿಂದ ತರಗತಿಯಲ್ಲಿ ಮೌನವನ್ನು ತರಬಹುದು, ಸೌಜನ್ಯವನ್ನು ತರಲಾಗದು ಎಂಬುದನ್ನು ಹೀಗೆ ಕಲಿತೆನು.

ಚೀಲದಲ್ಲಿಡಿರೆಂದು ಹೇಳುವುದಕ್ಕೂ ಕಾರಣವುಂಟು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದವರು, ಅದನ್ನು ಸದ್ದಿಲ್ಲದಂತೆ ಮಾಡಿ ಮೇಜಿನ ಮೇಲಿಟ್ಟುಕೊಂಡವರಿಗಿಂತ ಬುದ್ಧಿಪರೀಕ್ಷೆಗಳಲ್ಲಿ ಮೇಲಾಗಿ ಕಂಡುಬಂದರು. ತರುವಾಯದ ಪ್ರಯೋಗಗಳೆಲ್ಲವೂ ಇದೇ ಫಲಿತಾಂಶವನ್ನು ನೀಡಿಲ್ಲ. ಆದರೂ ಕಣ್ಣಿಗೆ ಕಾಣುವ ಫೋನು ಮನಸ್ಸನ್ನು ತನ್ನೆಡೆಗೆ ಎಳೆಯುವುದೆಂಬುದು ಪಾಠ ಹೇಳಿದವರಿಗೂ ಕೇಳಿದವರಿಗೂ ಅನುಭವಸಿದ್ಧವಾದ ಮಾತು.

ಇನ್ನು ಕಾಲೇಜಿನ ಹೊರಗಣ ಮಾತು. ಲೋಕಲ್ ಗಾಡಿಯಲ್ಲಿ ದಿನದ ದುಡಿತದಿಂದ ಬಳಲಿ ಕುಳಿತವರ ನಡುವೆ ಫೋನಿನ ಹಾಡನ್ನು ಗಟ್ಟಿಯಾಗಿ ಹಚ್ಚುವವರನ್ನು ನಾವು ದಿನವೂ ಕಾಣುತ್ತೇವೆ. ಈ ಉಪದ್ರವವು ಮಿತಿಮೀರಿದುದರಿಂದ 2021ರ ನವೆಂಬರಿನಲ್ಲಿ ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿಯೂ, 2023ರ ಏಪ್ರಿಲಿನಲ್ಲಿ ಮುಂಬಯಿಯ ಬೆಸ್ಟ್ ಬಸ್ಸುಗಳಲ್ಲಿಯೂ ಇದರ ವಿರುದ್ಧ ಆಜ್ಞೆ ಹೊರಡಿಸಬೇಕಾಯಿತು. ಪಕ್ಕದವನ ಕಿವಿಯನ್ನು ಗೌರವಿಸಲು ಸರಕಾರಿ ಆಜ್ಞೆ ಬೇಕಾಯಿತೆಂಬುದು ನಾಗರಿಕರಾದ ನಮಗೆ ಶೋಭಿಸುವ ಸಂಗತಿಯಲ್ಲ.

ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡರೆ ಪಕ್ಕದವರಿಗೆ ನೆಮ್ಮದಿಯೇನೋ ದೊರೆಯುವುದು. ಆದರೆ ಆಗ ತನ್ನ ದೇಹದೊಂದಿಗೆ ತೋರಬೇಕಾದ ಸೌಜನ್ಯದ ಪ್ರಶ್ನೆಯು ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ, 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. 90 ಡೆಸಿಬೆಲ್ ಆದರೆ ಆ ಅವಧಿಯು 4 ಗಂಟೆಗಳಿಗೆ ಇಳಿಯುತ್ತದೆ. ಗಾಡಿಯ ಗದ್ದಲವನ್ನು ಮೀರಿಸಲೆಂದು ಧ್ವನಿಯನ್ನು ಏರಿಸಿದಷ್ಟೂ ಒಳಗಿವಿಯ ಸೂಕ್ಷ್ಮ ಕೋಶಗಳು ನಶಿಸುತ್ತವೆ. ಒಮ್ಮೆ ನಶಿಸಿದವು ಮರಳಿ ಹುಟ್ಟಲಾರವು. ಕಿವಿ ಮುಚ್ಚಿಕೊಂಡು ಹಳಿ ದಾಟುವುದಂತೂ ಆತ್ಮಹತ್ಯೆಗೆ ಸಮಾನ. ಇನ್ನು ಫೋನು ಹಿಡಿದು ವಾಹನ ನಡೆಸುವವನು ತನ್ನ ಪ್ರಾಣದೊಂದಿಗೆ ಪರರ ಪ್ರಾಣವನ್ನೂ ಪಣಕ್ಕಿಡುತ್ತಾನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಇದನ್ನು ಅಪಾಯಕಾರಿ ಚಾಲನೆಯೆಂದು ಪರಿಗಣಿಸಿ ದಂಡವನ್ನಷ್ಟೇ ಅಲ್ಲದೆ ಸೆರೆವಾಸವನ್ನೂ ವಿಧಿಸಿದೆ.

ಮೊಬೈಲಿನ ಕ್ಯಾಮರವನ್ನು ಕುರಿತೂ ಒಂದು ಮಾತನ್ನು ಹೇಳಬೇಕು. ನಿದ್ರಿಸುತ್ತಿರುವ ಸಹಪ್ರಯಾಣಿಕ, ಎಡವಿ ಬಿದ್ದ ಗೆಳತಿ, ಹಲಗೆಯ ಮುಂದೆ ತಡವರಿಸಿದ ಅಧ್ಯಾಪಕ, ಇವರೆಲ್ಲ ಇಂದು ಕ್ಷಣಾರ್ಧದಲ್ಲಿ ನೂರಾರು ಜನರ ನಗೆಪಾಟಲಿಗೆ ಗುರಿಯಾಗುತ್ತಾರೆ. ತೆಗೆದವನು ಮರುದಿನ ಮರೆಯಬಹುದು, ಚಿತ್ರದಲ್ಲಿರುವವನು ಮರೆಯಲಾರನು. ಬಿದ್ದವರನ್ನು ಕಂಡಾಗ ಕೈ ಮೊದಲು ಅವರೆಡೆಗೆ ಚಾಚಬೇಕೇ ಹೊರತು ಕಿಸೆಯೆಡೆಗೆ ಅಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಚಿತ್ರವನ್ನು ತೆಗೆಯದಿರುವುದು, ತೆಗೆದುದನ್ನು ಕೇಳದೆ ಹಂಚದಿರುವುದು ಮೊಬೈಲ್ ಮರ್ಯಾದೆಯಲ್ಲಿ ಮೊದಲನೆಯದೆಂದೇ ನಾನು ತಿಳಿಯುತ್ತೇನೆ.

ತರುಣರಿಗೆ ಇಷ್ಟೆಲ್ಲ ಉಪದೇಶ ಮಾಡುವ ಹಿರಿಯರಾದ ನಾವು ಹೇಗಿದ್ದೇವೆ? ನಮ್ಮ ಸಂಘಗಳ ಸಭೆಗಳಲ್ಲಿ ಅತಿಥಿಗಳು ಭಾಷಣ ಮಾಡುತ್ತಿರುವಾಗ ಮುಂದಿನ ಸಾಲಿನಿಂದಲೇ ಭಕ್ತಿಗೀತೆಯು ಮೊಳಗುತ್ತದೆ. ಅದನ್ನು ನಿಲ್ಲಿಸದೆ, “ಸಭೆಯಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ” ಎಂದು ಸಭೆಗೆಲ್ಲ ಕೇಳುವಂತೆ ಸಾರುವವರು ವಿದ್ಯಾರ್ಥಿಗಳಲ್ಲ. ನಸುಕಿನ ಐದು ಗಂಟೆಗೆ ಸುಪ್ರಭಾತದ ಸಂದೇಶಗಳನ್ನು ನೂರು ಮಂದಿಗೆ ಕಳುಹಿಸುವವರೂ ಅವರಲ್ಲ. ತಂದೆಯು ತಟ್ಟೆಯ ಪಕ್ಕದಲ್ಲಿ ಫೋನನ್ನಿಟ್ಟುಕೊಂಡು ಉಣ್ಣುವ ಮನೆಯಲ್ಲಿ ಮಗನಿಗೆ ಬುದ್ಧಿ ಹೇಳಿ ಪ್ರಯೋಜನವೇನು? ಮಕ್ಕಳು ನಮ್ಮ ಮಾತನ್ನು ಕೇಳುವುದಕ್ಕಿಂತ ನಮ್ಮ ನಡತೆಯನ್ನು ನೋಡುವುದೇ ಹೆಚ್ಚು.

ಕೊನೆಯದಾಗಿ, ಹೊರನಾಡಿನ ಕನ್ನಡ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಶೇಷ ಕೋರಿಕೆ. ಊರಿನಿಂದ ಅಜ್ಜಿಯ ಫೋನು ಬಂದಾಗ, “ಬಿಜಿ ಇದ್ದೇನಜ್ಜಿ” ಎಂದು ಅರ್ಧಕ್ಕೆ ಇಡಬೇಡಿರಿ. ಆಕೆಗೆ ಹೇಳಬೇಕಾದ ಸುದ್ದಿಯೇನೂ ಇರಲಾರದು. ಊಟವಾಯಿತೇ, ಮಳೆ ಬಂತೇ ಎಂದಷ್ಟೇ ಕೇಳುವಳು. ಆ ಐದು ನಿಮಿಷಗಳ ಮಟ್ಟಿಗೆ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಕನ್ನಡದಲ್ಲಿಯೇ, ಸಾವಕಾಶವಾಗಿ ಉತ್ತರಿಸಿರಿ. ಚಾಳಿನ ಆ ಒಂದೇ ಫೋನಿಗಾಗಿ ಮೂರು ಮಾಳಿಗೆಯಿಂದ ಓಡಿ ಇಳಿಯುತ್ತಿದ್ದ ನಮಗೆ, ಊರಿನ ದನಿಯೊಂದನ್ನು ಕೇಳುವುದು ಎಂತಹ ಭಾಗ್ಯವೆಂಬುದು ಗೊತ್ತಿದೆ. ಆ ಭಾಗ್ಯವು ಇಂದು ನಿಮ್ಮ ಕಿಸೆಯಲ್ಲಿಯೇ ಇದೆ.